ಐವತ್ತೆರಡು ಎಂದು ಬರೆದವನು

ರಕ್ತದ ಸಕ್ಕರೆ ಅಳೆಯುವ ಮೀಟರಿನ ಪುಟ್ಟ ಪರದೆಯ ಮೇಲೆ ನೂರ ಅರವತ್ತನಾಲ್ಕು ಎಂದು ಮೂಡಿತ್ತು. ಎಲಿಸಿಯೊ ತೊನೆಲ್ಲಿ ಅದನ್ನು ಎರಡು ಸಲ ನೋಡಿದ. ಆಮೇಲೆ ಆಸ್ಪತ್ರೆಯವರು ಕೊಟ್ಟಿದ್ದ ನೀಲಿ ಪುಸ್ತಕ ತೆರೆದು, ಭಾನುವಾರ ಮಧ್ಯಾಹ್ನದ ಚೌಕದೊಳಗೆ ದುಂಡಗೆ ಐವತ್ತೆರಡು ಎಂದು ಬರೆದ. ಪಕ್ಕದಲ್ಲಿ ‘ಬೆವರು, ಕೈನಡುಕ’ ಎಂದೂ ಸೇರಿಸಿದ. ಬರೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ. ಪುಸ್ತಕ ಮುಚ್ಚಿ ಫೋನಿನ ಹತ್ತಿರ ಹೋದ.

ಮೂವತ್ತೊಂದು ವರ್ಷ ಅವನು ರೊಸಾರಿಯೊ ಬಂದರಿನಲ್ಲಿ ಲಾರಿಗಳ ತೂಕ ಬರೆಯುವ ಗುಮಾಸ್ತನಾಗಿದ್ದ. ಗೋಧಿ, ಸೋಯಾ, ಜೋಳ ಹೇರಿಕೊಂಡು ಬಂದ ಚಾಲಕರು ಒಂದು ನೂರು ಕಿಲೋ ಹೆಚ್ಚು ಬರೆಯಿರಿ ಎಂದು ಹಲ್ಲು ಗಿಂಜಿದರೂ ಅವನ ಪೆನ್ನು ಮುಳ್ಳು ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ಬರೆದದ್ದಿಲ್ಲ. ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಕ್ಕ ಅಮೆಲಿಯಾ ತೀರಿಕೊಂಡು ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಮನೆಯಲ್ಲಿ ಮಾತೆಂದರೆ ರೇಡಿಯೋದ್ದೇ. ಮಾಂಸದಂಗಡಿಯಲ್ಲಿ ‘ಅರ್ಧ ಕಿಲೋ’ ಎಂದು ಹೇಳಿಬಂದರೆ ಎಷ್ಟೋ ದಿನ ಅವನ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಹೊಸ ಇನ್ಸುಲಿನ್ನಿನ ಪ್ರಯೋಗಕ್ಕೆ ಜನ ಬೇಕು ಎಂದು ಆಸ್ಪತ್ರೆಯ ಡಾಕ್ಟರ್ ಕೇಳಿದಾಗ ಅವನು ಹೂಂ ಅಂದದ್ದು ಬೇರೆ ಕೆಲಸವಿಲ್ಲದ್ದಕ್ಕೆ. ನಲವತ್ತು ಮಂದಿ, ಆರು ತಿಂಗಳು, ದಿನಕ್ಕೊಂದೇ ಚುಚ್ಚುಮದ್ದು. ನಾಲ್ಕು ಹೊತ್ತು ಬೆರಳು ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ಗುರುವಾರ ಅದನ್ನು ತೋರಿಸಬೇಕು. ಸಕ್ಕರೆ ಅರವತ್ತಕ್ಕಿಂತ ಕೆಳಗಿಳಿದರೆ ಆ ಕೂಡಲೇ ಫೋನ್ ಮಾಡಬೇಕು. ಆಮೇಲೆ ಮೂರು ದಿನ ಸಂಜೆ ನಾಲ್ಕಕ್ಕೆ ನರ್ಸ್ ತಾನಾಗಿ ಫೋನ್ ಮಾಡಿ ವಿಚಾರಿಸುತ್ತಾಳೆ. ಅದು ನಿಯಮ.

ಮೊದಲನೆಯ ಸಲ ನಿಜವಾಗಿಯೇ ಇಳಿದಿತ್ತು. ಊಟ ತಪ್ಪಿಸಿದ್ದ. ಅಂಗಿಯೆಲ್ಲ ಒದ್ದೆಯಾಗಿ, ಕಣ್ಣ ಮುಂದಿನ ಗೋಡೆ ಜಾರುತ್ತಿತ್ತು. ಫೋನ್ ಮಾಡಿದಾಗ ಆ ಕಡೆ ನರ್ಸ್ ಗ್ರಿಸೆಲ್ಡಾ ಗಾಬರಿಯಾಗಲಿಲ್ಲ.

“ಸಕ್ಕರೆ ನೀರು ಕುಡಿದ್ರಾ? ಸರಿ. ಫೋನ್ ಇಡಬೇಡಿ ಎಲಿಸಿಯೊ ಅವರೇ. ಏನಾದ್ರೂ ಮಾತಾಡ್ತಾ ಇರಿ, ಏನಾದ್ರೂ ಪರವಾಗಿಲ್ಲ.”

ಅವನು ಲಾರಿ ತೂಗುವ ಬಗೆಯನ್ನು ಹೇಳಿದ. ಅವಳು ತನ್ನ ತಾಯಿಯ ಕೋಳಿ ಬಟ್ಟೆಯ ಬೀರುವಿನೊಳಗೆ ಮೊಟ್ಟೆಯಿಟ್ಟದ್ದನ್ನು ಹೇಳಿದಳು. ಇಪ್ಪತ್ತು ನಿಮಿಷವಾಯಿತು. ಮುಂದಿನ ಮೂರು ದಿನವೂ ಸರಿಯಾಗಿ ನಾಲ್ಕಕ್ಕೆ ಫೋನ್ ಬಂತು. ನಾಲ್ಕನೆಯ ದಿನ ಅವನು ಮೂರೂವರೆಗೇ ಕುರ್ಚಿ ಎಳೆದುಕೊಂಡು ಕೂತ. ಐದಾಯಿತು, ಆರಾಯಿತು. ಮುಂದಿನ ವಾರವೂ ಹಾಗೇ ಕಳೆಯಿತು. ಅದರ ಮರುವಾರದ ಭಾನುವಾರ ಆ ಮೊದಲ ಐವತ್ತೆರಡನ್ನು ಬರೆದ.

ಹೀಗೆ ಎರಡೂವರೆ ತಿಂಗಳಲ್ಲಿ ಹನ್ನೊಂದು ಸಲ. ಪುಸ್ತಕ ನೋಡಿ ನೋಡಿ ಡಾಕ್ಟರ್ ಅವನ ಇನ್ಸುಲಿನ್ ಕಡಿಮೆ ಮಾಡುತ್ತ ಬಂದರು. ಒಳಗಿನ ಸಕ್ಕರೆ ಇನ್ನೂರ ನಲವತ್ತು, ಇನ್ನೂರ ಎಪ್ಪತ್ತು ಎಂದು ಏರುತ್ತ ಹೋಯಿತು; ಪುಸ್ತಕದಲ್ಲಿ ಅವನ್ನೂ ಅವನು ತಗ್ಗಿಸಿ ಬರೆದ. ಬಾಯಾರಿಕೆ ಆರುತ್ತಿರಲಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಜವಾದ ಅಂಕಿಗಳನ್ನು ಅವನು ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಹಿಂದೆ ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಕಣ್ಣಾರೆ ಕಂಡ ಅಂಕಿಯನ್ನು ಎಲ್ಲಿಯೂ ಬರೆಯದೆ ಬಿಡುವುದು ಮಾತ್ರ ಅವನಿಂದ ಆಗಲಿಲ್ಲ.

ಹನ್ನೊಂದನೆಯ ಸಲ ಬರೆದ ಮೇಲಿನ ಗುರುವಾರ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ರುಫೀನಾ ಕೂತಿದ್ದಳು. ಪರಾನಾ ನದಿಯಾಚೆಯ ದ್ವೀಪದವಳು, ಮೀನು ಹಿಡಿದು ಬದುಕುವವಳು. ಅವಳೂ ಅದೇ ಪ್ರಯೋಗದಲ್ಲಿದ್ದಳು. ಯಾರಿಗೋ ಪದೇ ಪದೇ ಸಕ್ಕರೆ ಇಳಿಯುತ್ತಿದೆಯಂತೆ, ಹಾಗಾಗಿ ಎಲ್ಲರಿಗೂ ಈ ಔಷಧಿ ನಿಲ್ಲಿಸುವ ಮಾತು ನಡೆದಿದೆಯಂತೆ ಎಂದು ಅವಳೇ ಹೇಳಿದಳು.

“ಮುಂಚೆ ನಂಗೆ ದಿನಕ್ಕೆ ನಾಲ್ಕು ಸೂಜಿ. ದೋಣೀಲಿ ಐಸ್ ಡಬ್ಬಿ ಇಟ್ಕೊಂಡು, ಬಲೆ ಬಿಟ್ಟು ಸೂಜಿ ಹಿಡೀಬೇಕಿತ್ತು. ಈಗ ಬೆಳಿಗ್ಗೆ ಒಂದು ಚುಚ್ಕೊಂಡ್ರೆ ಮುಗೀತು. ಆ ಪುಣ್ಯಾತ್ಮ ಯಾರೋ ಏನೋ, ಹೊತ್ತಿಗೆ ಸರಿಯಾಗಿ ತಿನ್ನೋಕೂ ಬರಲ್ವಾ ಅವನಿಗೆ?”

ಎಲಿಸಿಯೊ ತನ್ನ ಬೂಟಿನ ಲಾಡಿ ನೋಡುತ್ತ ಕೂತ. ಒಳಗಿನಿಂದ ಅವನ ಹೆಸರು ಕರೆದರು.

ಗ್ರಿಸೆಲ್ಡಾ ಮೇಜಿನ ಮೇಲೆ ನೀಲಿ ಪುಸ್ತಕವನ್ನೂ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯ ಚೀಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದಳು. ಪುಸ್ತಕ ಸಕ್ಕರೆ ಇಳಿದಿದೆ ಅನ್ನುತ್ತದೆ, ಚೀಟಿ ವಿಪರೀತ ಏರಿದೆ ಅನ್ನುತ್ತದೆ ಎಂದಳು. ಮೀಟರೇ ಕೆಟ್ಟಿರಬೇಕು, ಬೇರೆ ಕೊಡುತ್ತೇನೆ ಎಂದು ಎದ್ದು ಕಪಾಟಿನ ಬಾಗಿಲು ತೆರೆದಳು.

ಸುಮ್ಮನಿದ್ದರೆ ಸಾಕಿತ್ತು. ಹೊಸ ಮೀಟರ್ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು.

“ಮೀಟರ್ ಸರಿಯಾಗೇ ಇದೆ,” ಎಂದ ಎಲಿಸಿಯೊ. “ಬರೆದವನು ಸರಿಯಿಲ್ಲ.”

ಜೇಬಿನಿಂದ ಕ್ಯಾಲೆಂಡರ್ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟ. ಗ್ರಿಸೆಲ್ಡಾ ಒಂದೊಂದನ್ನೂ ತಿರುವಿ ನೋಡಿದಳು. ಕೊನೆಯದನ್ನು ಕೆಳಗಿಟ್ಟು, ಯಾಕೆ ಎಂದು ಕೇಳಿದಳು.

“ನಾಲ್ಕು ಗಂಟೆಗೆ ನೀವು ಫೋನ್ ಮಾಡ್ತಿದ್ರಲ್ಲ, ಅದಕ್ಕೆ.”

ಅವಳು ಬಯ್ಯಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಅವನ ಕೈಗೆ ಪೆನ್ನು ಕೊಟ್ಟಳು. ಪ್ರತಿ ಸುಳ್ಳು ಅಂಕಿಯ ಮೇಲೂ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ನಿಜವಾದದ್ದನ್ನು ಬರೆಸಿ, ಪುಟದ ಕೆಳಗೆ ಸಹಿ ಹಾಕಿಸಿದಳು. ವಾರಕ್ಕೊಂದು ಪುಟ, ಹನ್ನೊಂದು ಸಹಿ. ಡಾಕ್ಟರ್ ಬಂದು ನೋಡಿ, ಇನ್ನು ಪ್ರಯೋಗದಲ್ಲಿ ಇಟ್ಟುಕೊಳ್ಳಲಾಗದು ಎಂದರು. ಎರಡನೆಯ ಮಹಡಿಯ ಹೊರರೋಗಿ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಹೊರಡುವಾಗ ಗ್ರಿಸೆಲ್ಡಾ, ಇನ್ನು ಮೇಲೆ ತಾನು ಫೋನ್ ಮಾಡುವ ಹಾಗಿಲ್ಲ ಎಂದು ಮೆಲ್ಲಗೆ ಹೇಳಿದಳು. ಗೊತ್ತು ಎಂದ.

ಅವನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತ. ಯಾವ ಬಸ್ಸು ಹತ್ತಬೇಕೆಂದು ಗೊತ್ತಿತ್ತು, ಎರಡು ಬಂದು ಹೋದವು. ಅಷ್ಟರಲ್ಲಿ ರುಫೀನಾ ಚೀಲ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ಮುಖ ಅರಳಿತ್ತು.

“ನಿಲ್ಲಿಸಲ್ವಂತೆ. ಎಲ್ಲೋ ಲೆಕ್ಕ ತಪ್ಪಿತ್ತಂತೆ.” ಚೀಲದಿಂದ ಕಾಗದದಲ್ಲಿ ಸುತ್ತಿದ ಎರಡು ಬೇಯಿಸಿದ ಮೊಟ್ಟೆ ತೆಗೆದಳು. “ಮುಂದಿನ ಸಲ ಬರ್ತೀರಲ್ಲ, ನಿಮಗೊಂದು ಹೊಗೆಯಾಡಿಸಿದ ಮೀನು ತರ್ತೀನಿ.”

“ನಾನು ಬರಲ್ಲ,” ಎಂದ ಎಲಿಸಿಯೊ. “ಆ ಲೆಕ್ಕ ತಪ್ಪಿಸಿದ್ದು ನಾನೇ. ಬೇಕಂತಲೇ ತಪ್ಪು ಬರೆದೆ,” ಎಂದ.

ರುಫೀನಾ ಅವನತ್ತ ತಿರುಗಿ ನೋಡಿದಳು. ಅವಳು ಹತ್ತಬೇಕಿದ್ದ, ದೋಣಿಗಟ್ಟೆಗೆ ಹೋಗುವ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು; ಅವಳು ಏಳಲಿಲ್ಲ. ಚಾಲಕ ಇಬ್ಬರ ಕಡೆಗೂ ಒಮ್ಮೆ ನೋಡಿ, ಬಾಗಿಲು ಮುಚ್ಚಿ ಹೊರಟುಹೋದ. ರುಫೀನಾ ಮೊಟ್ಟೆಯೊಂದನ್ನು ಕಟ್ಟೆಯ ಅಂಚಿಗೆ ಮೆತ್ತಗೆ ತಟ್ಟಿದಳು. ಸಿಪ್ಪೆಯನ್ನು ಚೂರು ಚೂರಾಗಿ ಸುಲಿದು, ಗಾಳಿಗೆ ಹಾರದಂತೆ, ತನ್ನ ಮಡಿಲಿನ ಕಾಗದದ ಮೇಲೆ ಹಾಕತೊಡಗಿದಳು.