ಸೋಮವಾರದ ಗಾಳಿ

ಮೆಕ್ಕೆಜೋಳದ ಒಂದು ಒಣ ಎಲೆ, ರವದಿ, ಬಸ್ಸಿನ ಕಿಟಕಿಯ ಹೊರಗೆ ಬಸ್ಸಿನ ಜೊತೆಗೇ ಓಡುತ್ತಿದೆ, ಹಿಂದೆ ಬೀಳಬೇಕಲ್ಲ, ಬೀಳುತ್ತಿಲ್ಲ, ದಿಬ್ಬ ಹತ್ತುತ್ತ ಏದುಸಿರು ಬಿಡುವ ಬಸ್ಸಿಗಿಂತ ಅದಕ್ಕೇ ಅವಸರ, ಹಾಗಾದರೆ ಗಾಳಿ ಹಿಂದಿನಿಂದ, ನೈರುತ್ಯದ ಮೂಲೆಯಿಂದ, ವೇಗ ಎಷ್ಟಿದ್ದೀತು, ಎಂದು ನಾಗರತ್ನ ಮನಸ್ಸಿನಲ್ಲೇ ತೂಗಿ ನೋಡುತ್ತಾಳೆ, ತೂಗುವುದು ಈಗ ಚಟವಾಗಿ ಹೋಗಿದೆ, ಒಣಹಾಕಿದ ಸೀರೆ ಉಬ್ಬಿದರೆ ಒಂದು ಅಂಕಿ, ಚಾದಂಗಡಿಯ ಹೊಗೆ ಬಾಗಿದರೆ ಇನ್ನೊಂದು ಅಂಕಿ, ಕೊಟ್ಟೂರಿನ ಮನೆಯಲ್ಲಿ ಅವ್ವ ನೆರೆಯವರ ಮುಂದೆ ನಗುತ್ತಾಳೆ, ಗಾಳಿ ಎಣಿಸಾಕ ಪಗಾರ ಕೊಡ್ತಾರಂತ ನಮ್ಮ ಹುಡುಗಿಗೆ — ಕೊಡುತ್ತಾರೆ, ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯ ಮಹಡಿಯ ಮೇಲೆ, ಕೀಬೋರ್ಡಿನ ಸಂದುಸಂದಿಗೂ ಜೋಳದ ಧೂಳು ಕೂತ ಕಂಪ್ಯೂಟರಿನ ಮುಂದೆ ಕೂರಿಸಿ ಕೊಡುತ್ತಾರೆ, ಸಂಖ್ಯಾಶಾಸ್ತ್ರ ಓದಿದೀಯಂತೆ, ಗಾಳೀನ ಓದು ನೋಡೋಣ, ಅಂದಿದ್ದರು ಗುರುಸಂಗಪ್ಪ ಸರ್ ಮೊದಲ ದಿನ, ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯ ಈ ಸೀಮೆಯ ಆಫೀಸಿಗೆ ಅವರೇ ಯಜಮಾನರು, ಗುಡ್ಡದ ಮೇಲೆ ದೊಡ್ಡ ಗಾಳಿಯಂತ್ರ ನಿಲ್ಲಿಸುವ ಮೊದಲು ವರ್ಷಪೂರ್ತಿ ಅಲ್ಲಿಯ ಗಾಳಿ ಅಳೆಯಬೇಕು, ಅದಕ್ಕೊಂದು ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ವೇಗ ಹೇಳಲು ಮೂರು ಬಟ್ಟಲಿನ ಗಿರಗಟ್ಲೆ, ಪಕ್ಕದಲ್ಲಿ ದಿಕ್ಕು ಹೇಳಲು ಬಾಲವಿರುವ ತಗಡು, ಬುಡದಲ್ಲಿ ಎರಡನ್ನೂ ಬರೆದಿಟ್ಟುಕೊಳ್ಳುವ ಪೆಟ್ಟಿಗೆ, ಬರೆದದ್ದೆಲ್ಲ ತಿಂಗಳಿಗೊಮ್ಮೆ ಅವಳ ಮುಂದೆ ಬಂದು ಬೀಳುತ್ತದೆ, ಇರುವೆ ಸಾಲಿನಂತೆ ಅಂಕಿ, ಮೊದಮೊದಲು ಕಣ್ಣು ಕತ್ತಲೆ ಬಂದದ್ದು, ಆಮೇಲೆ ಒಂದು ದಿನ ಅಂಕಿಗಳನ್ನು ಗೆರೆ ಮಾಡಿ ತೆರೆಯ ಮೇಲೆ ಹರಿಯಬಿಟ್ಟಾಗ ಅರೆ, ಇದು ಉಸಿರು, ಗುಡ್ಡ ಉಸಿರಾಡುತ್ತದೆ, ಬೆಳಗಿನ ಜಾವ ಮೆಲ್ಲಗೆ, ಇಳಿಹೊತ್ತಿಗೆ ಜೋರಾಗಿ, ಎಂದು ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು.

ಆ ಉಸಿರಿನಲ್ಲಿ ಒಂದು ತೂತು. ಹಿರೇಹಡಗಲಿ ಹತ್ತಿರದ ಕರೆಕಲ್ಲು ಗುಡ್ಡದಲ್ಲಿ ಮಾತ್ರ, ಕೂಡ್ಲಿಗಿ ಕಡೆಯ ಇನ್ನೊಂದು ಗುಡ್ಡದಲ್ಲಿ ಇಲ್ಲ, ಪ್ರತಿ ಸೋಮವಾರ ವೇಗದ ಗೆರೆ ಬಾವಿಗೆ ಬಿದ್ದ ಹಾಗೆ ಸೊನ್ನೆಗೆ ಬೀಳುತ್ತದೆ, ಸಂಜೆ ಮತ್ತೆ ಎದ್ದು ಬರುತ್ತದೆ, ಪೆಟ್ಟಿಗೆಯ ರೋಗ ಅಂದರು ಎಲ್ಲರೂ, ಕಂಬಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಭೀಮರಾಜ ಶನಿವಾರ ಶನಿವಾರ ಹೋಗಿ ಬಿಚ್ಚಿ ಜೋಡಿಸಿ ಬಂದ, ಪೆಟ್ಟಿಗಿ ಬದಲಿ ಮಾಡೀನಿ, ವಾಯರ್ ಬದಲಿ ಮಾಡೀನಿ, ಇನ್ನ ಗುಡ್ಡ ಬದಲಿ ಮಾಡೋದೊಂದ ಉಳಿದೈತಿ ನೋಡ್ರಿ ಮೇಡಂ, ಅಂದ, ಆದರೆ ಪೆಟ್ಟಿಗೆಯ ರೋಗವಾದರೆ ಅದಕ್ಕೆ ಸೂರ್ಯ ಹೇಗೆ ಗೊತ್ತು, ಬೇಸಿಗೆಯಲ್ಲಿ ಬೇಗ ಬೆಳಗಾದರೆ ತೂತೂ ಬೇಗ ಶುರು, ಚಳಿಗಾಲದಲ್ಲಿ ತಡವಾಗಿ ಶುರು, ಇದನ್ನು ಕಂಡ ದಿನ ಅವಳಿಗೆ ಊಟ ಸೇರಿರಲಿಲ್ಲ, ಭಯಕ್ಕಲ್ಲ, ಖುಷಿಗೆ, ಇನ್ನೂ ಒಂದು ಉಂಟು, ವೇಗ ಸೊನ್ನೆಯಾದ ಆ ಹಗಲುಗಳಲ್ಲಿ ದಿಕ್ಕಿನ ತಗಡು ಮಾತ್ರ ಸತ್ತಿಲ್ಲ, ಅತ್ತ ಇತ್ತ ಹೊರಳಾಡುತ್ತಲೇ ಇದೆ, ದಿಕ್ಕು ಇದೆ, ವೇಗ ಇಲ್ಲ, ಅಂದರೆ ಹೋಗಬೇಕಾದ ಕಡೆಗೆ ಮುಖ ಮಾಡಿ ಹೋಗದೆ ಕೂತ ಗಾಳಿ, ಅಂಥದ್ದು ಇರುತ್ತದೆಯೇ, ಚಿಕ್ಕಂದಿನಲ್ಲಿ ಬೊಮ್ಮಜ್ಜಿ ಕಥೆ ಹೇಳುತ್ತಿದ್ದಳು, ಒಬ್ಬ ರಾಜ ಗಾಳಿಗೆ ಸಿಂಹಾಸನ ಮಾಡಿಸಿ ಬಾ ಕೂಡು ಅಂದನಂತೆ, ಗಾಳಿ ಬಂತಂತೆ, ಸಿಂಹಾಸನದ ಸುತ್ತ ಸುತ್ತಿತಂತೆ, ಪರದೆ ಹರಿಯಿತಂತೆ, ರಾಜನ ಪೇಟ ಹಾರಿತಂತೆ, ಕೂಡಲಿಲ್ಲವಂತೆ, ಯಾಕಜ್ಜಿ, ಗಾಳಿಗೆ ಕುಂಡಿ ಎಲ್ಲೈತವ್ವ ಕುಂದ್ರಾಕ, ಎಂದು ಅಜ್ಜಿ ತಾನೇ ಮೊದಲು ನಗುತ್ತಿದ್ದಳು, ಹೊಗೆಸೊಪ್ಪಿನ ವಾಸನೆಯ ಆ ನಗು — ಕರೆಕಲ್ಲು ಗುಡ್ಡದಲ್ಲಿ ಕೂಡುತ್ತದಜ್ಜಿ, ಸೋಮವಾರ ಸೋಮವಾರ ಕೂಡುತ್ತದೆ, ಸರ್ ಮಾತ್ರ ನಗುವುದಿಲ್ಲ, ಸರ್‌ಗೆ ತೂತು ತೂತೇ, ತೂತು ಸೇರಿಸಿ ಲೆಕ್ಕ ಹಾಕಿದರೆ ಗುಡ್ಡದ ಸರಾಸರಿ ಸಾಲದು, ತೂತು ಕಿತ್ತುಹಾಕಿದರೆ ಕೂಡ್ಲಿಗಿ ಗುಡ್ಡಕ್ಕಿಂತ ಚೆಂದ, ಕಿತ್ತುಹಾಕಲು ಕಾರಣ ಬೇಕು, ಕಾರಣ ಇಲ್ಲದಿದ್ದರೆ ಯಂತ್ರಗಳೆಲ್ಲ ಈ ಸಲ ಕೂಡ್ಲಿಗಿ ಕಡೆಗೆ, ಒಂದು ದಿನ ಕೊಡಿ ಸರ್, ಸೋಮವಾರವೇ ಹೋಗಿ ಕಣ್ಣಾರೆ ನೋಡಿ ಬರ್ತೀನಿ, ಎಂದು ಇವಳು ಬೇಡಿಕೊಂಡದ್ದಕ್ಕೆ, ನೋಡಮ್ಮ, ಸಂಜೆ ಒಳಗ ಫೋನು ಬರಬೇಕು, ಆಮೇಲೆ ನಾನು ಕಾಯಲ್ಲ, ಅಂದಿದ್ದಾರೆ.

ರವದಿ ಎಲ್ಲೋ ತಪ್ಪಿಸಿಕೊಂಡಿತು, ಈಗ ಕಿಟಕಿಯಲ್ಲಿ ಕೆರೆ, ಕೆರೆಯ ನೀರಿನಲ್ಲಿ ಎತ್ತುಗಳು, ಒಬ್ಬಾತ ಹುಲ್ಲಿನ ಸಿಂಬಿಯಿಂದ ಎತ್ತಿನ ಬೆನ್ನು ತಿಕ್ಕುತ್ತಿದ್ದಾನೆ, ಎತ್ತು ಕಣ್ಣು ಮುಚ್ಚಿ ನಿಂತಿದೆ, ಹೆಗಲ ಮೇಲೆ ನೊಗ ತಿಂದ ಕಪ್ಪು ಗುರುತು, ಇವತ್ತು ನೊಗ ಇಲ್ಲ, ದಾರಿಯುದ್ದಕ್ಕೂ ಹೊಲಗಳಲ್ಲಿ ಒಂದೂ ನೇಗಿಲಿಲ್ಲ, ಕುಂಟೆಯಿಲ್ಲ, ಗಾಡಿಗಳು ಮೂಗು ನೆಲಕ್ಕೂರಿ ಮಲಗಿವೆ, ಸೋಮವಾರವಲ್ಲವೇ, ಬಸವಣ್ಣನ ವಾರ, ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಹುಟ್ಟಿದಾಗಿನಿಂದ ಗೊತ್ತಿರುವುದೇ, ಆದರೂ ತೆರೆಯ ಮುಂದೆ ಕೂತಾಗ ಸೋಮವಾರ ಬರೀ ಸೋಮವಾರವಾಗಿತ್ತು, ಇಲ್ಲಿ ಅದಕ್ಕೆ ಕೊಂಬು ಮೂಡಿತು, ಬಾಲ ಮೂಡಿತು, ಬೇಡ ಬೇಡ, ಮೊದಲು ನೋಡಬೇಕು, ನೋಡುವ ಮೊದಲೇ ಕಥೆ ಕಟ್ಟುವುದು ನಿನ್ನ ರೋಗ, ಎಂದು ತನಗೇ ಗದರಿಕೊಂಡು ಊರಿನ ದಾರಿ ತೋರುವ ಕೈಕಂಬದ ಹತ್ತಿರ ಇಳಿಯುತ್ತಾಳೆ, ಗುಡ್ಡದ ಕಾಲುದಾರಿ, ಬಂದರಿಕೆ ಗಿಡದ ಘಾಟು, ಕಲ್ಲು ಜಾರುತ್ತದೆ, ಸೆರಗು ಬೆನ್ನಿಗೆ ಅಂಟಿ ಮುಂದಕ್ಕೆ ತಳ್ಳುತ್ತದೆ, ಗಾಳಿ ಇದೆ, ಇದೆ, ಬೇಕಾದಷ್ಟಿದೆ, ಕಿವಿಯಲ್ಲಿ ಹುಯ್ಯೆನ್ನುತ್ತಿದೆ, ಹಾಗಿದ್ದರೆ ಮೇಲೆ ಯಾಕೆ, ತಲೆಯೆತ್ತಿದಾಗ ಬಿಸಿಲು ಕಣ್ಣು ಚುಚ್ಚಿತು, ಕೈ ಅಡ್ಡ ಹಿಡಿದಳು, ಕಂಬದ ತುದಿಯಲ್ಲಿ ದಿಕ್ಕಿನ ತಗಡು ಬಾಲ ಆಡಿಸುತ್ತಿತ್ತು, ಅದರ ಪಕ್ಕ, ಮೂರು ಬಟ್ಟಲು ತಿರುಗಬೇಕಾದ ಕಡೆ, ಒಂದು ಕೆಂಪು ಗಂಟು. ಕೆಂಪು ಬಟ್ಟೆ ಸುತ್ತಿ ಕಟ್ಟಿದ ಗಂಟು. ತಿರುಗುತ್ತಿಲ್ಲ, ಆದರೆ ಸುಮ್ಮನೆಯೂ ಇಲ್ಲ, ಮುಷ್ಟಿಯೊಳಗೆ ಹಿಡಿದ ಗುಬ್ಬಿಯ ಹಾಗೆ ಒಳಗೊಳಗೇ ನಡುಗುತ್ತಿದೆ.

ಬರ್ರಿ ತಾಯಿ, ಬಿಸಲಾಗ ಯಾಕ ನಿಂತೀರಿ, ಎಂದದ್ದು ಕಂಬದ ಕಾವಲಿನ ಹುಲುಗಣ್ಣ, ಗುಡಿಸಲ ನೆರಳಿನಲ್ಲಿ ಕೂತವನು ಎದ್ದು ಬಂದ, ಗುಡ್ಡದ ಕೆಳಗಿನ ಊರಿನವನೇ, ಹೆಂಡತಿ ಜಂಬಕ್ಕ ಬುತ್ತಿ ತಂದು ಕೂತಿದ್ದಾಳೆ, ಯಾಕ ಕಟ್ಟೀರಿ ಕಾಕಾ ಅದನ್ನ, ಇವತ್ತು ಯಾ ವಾರ ಹೇಳ್ರಿ, ಸೋಮವಾರ, ಮತ್ತ, ಅಂದ, ಆ ಮತ್ತ ಅನ್ನುವುದರಲ್ಲೇ ಅವನ ಉತ್ತರವೆಲ್ಲ ಮುಗಿದಿತ್ತು, ಇವಳು ಇನ್ನೂ ನೋಡುತ್ತಲೇ ನಿಂತದ್ದಕ್ಕೆ, ತಿಳಿಯದ ಮಗುವಿಗೆ ಹೇಳುವ ಹಾಗೆ ಹೇಳಿದ, ಹಗಲೂ ರಾತ್ರಿ ತಿರುಗತೈತ್ರಿ, ಹುಲ್ಲು ಕೇಳಂಗಿಲ್ಲ, ನೀರು ಕೇಳಂಗಿಲ್ಲ, ಬಾಯಿಲ್ಲ ಅಂತ ಸೋಮಾರನೂ ದುಡಿಸಿದ್ರ ಆ ಪಾಪ ಯಾರಿಗೆ, ಕಾವಲಿ ಇರೋನು ನಾನು, ನನಗ, — ಹೊತ್ತು ಮೂಡುವಾಗ ಹುಣಸೆ ಮರ ಹತ್ತಿದ ಹಾಗೆ ಕಂಬ ಹತ್ತಿ ಕಟ್ಟುತ್ತಾನಂತೆ, ದೀಪ ಹಚ್ಚುವ ಹೊತ್ತಿಗೆ ಬಿಚ್ಚುತ್ತಾನಂತೆ, ಅವಳ ತೆರೆಯ ಮೇಲಿನ ತೂತಿನ ಎರಡು ದಂಡೆ, ಬೇಸಿಗೆಯಲ್ಲಿ ಅಗಲ, ಚಳಿಗಾಲದಲ್ಲಿ ಕಿರಿದು, ಅಯ್ಯೋ, ಇದೇ, ಇಷ್ಟೇ, ಮತ್ತ ಆ ಪಕ್ಕದ್ದನ್ನ ಯಾಕ ಕಟ್ಟಿಲ್ಲ ಕಾಕಾ, ಅದೇನ್ ದುಡಿತೈತಿ ಬಿಡ್ರಿ, ಗೌಡ ಕಣದಾಗ ನಿಂತಂಗ ನಿಂತು ಅತ್ತಾಗೊಮ್ಮಿ ಇತ್ತಾಗೊಮ್ಮಿ ನೋಡತೈತಿ ಅಷ್ಟ, — ನಗು ತಡೆಯಲಾಗಲಿಲ್ಲ, ತಿಂಗಳುಗಟ್ಟಲೆ ಅವಳ ತಲೆ ತಿಂದ ದಿಕ್ಕಿದ್ದು ವೇಗವಿಲ್ಲದ ಗಾಳಿ ಗೌಡನಾಗಿ ನಿಂತಿತ್ತು, ಹಗ್ಗ ಬಿಟ್ಟು ಬಟ್ಟಿ ಯಾಕ ಕಟ್ಟೀರಿ ಕಾಕಾ, ಹಗ್ಗ ಒತ್ತತೈತ್ರಿ, ಜಂಬಕ್ಕ ರೊಟ್ಟಿ ಮುರಿಯುತ್ತ, ನನ್ನ ಕುಬಸದ ಬಟ್ಟಿ ಅದು, ಉಡಿ ತುಂಬಿದಾಗ ಕೊಟ್ಟದ್ದು, ಒಂದಿನ ಹೊಲಿಸಿ ತೊಡಾಕ ಆಗಲಿಲ್ಲ, ನನಗ ಸೋಮಾರನೂ ರೊಟ್ಟಿ ಬಡಿಯೋದು ತಪ್ಪಿಲ್ಲ, ಗಿರಗಟ್ಲಿಗೆ ನೋಡವ್ವ ರಜಾ, ಅಂದಳು, ಹುಲುಗಣ್ಣ ಕೇಳಿಸದವನ ಹಾಗೆ, ಮಂಗಳಾರ ನೀವು ನೋಡಬೇಕ್ರಿ, ದಣುವಾರಿದ ಎತ್ತಿನಂಗ ಓಡತೈತಿ, ಅಂದ, ಹಾಗೆಲ್ಲ ಆಗುವುದಿಲ್ಲ ಎಂದು ಗೊತ್ತು, ಕಬ್ಬಿಣಕ್ಕೆ ದಣಿವಿಲ್ಲ, ಗಾಳಿಗೆ ವಾರವಿಲ್ಲ, ಆದರೂ ಮಂಗಳವಾರಗಳ ಸರಾಸರಿ ಬೇರೆ ತೆಗೆದು ನೋಡಬೇಕು, ನಾಳೆಯೇ, ನೋಡಿದರೆ ಏನು ಹೋಗುತ್ತದೆ, ಹೇಳಿದಂತೆ ಒಂಚೂರು ಹೆಚ್ಚಿದ್ದರೆ —

ಹೇಳಬೇಕಲ್ಲ ಅವನಿಗೆ, ಜಂಬಕ್ಕ ಕೊಟ್ಟ ರೊಟ್ಟಿ ಬದಿಗಿಟ್ಟು ಹೇಳಿದಳು, ಕಾಕಾ, ನೀವು ಕಟ್ಟಿದ್ದಕ್ಕ ಈ ಗುಡ್ಡದಾಗ ಗಾಳಿ ಇಲ್ಲಂತ ತಿಳಕೊಂಡಾರ, ಯಂತ್ರ ಬ್ಯಾರೆ ಕಡೆ ಹೊಂಟಾವ, ಎರಡು ದಾರಿ ಇವೆ ಎಂದು ಬಿಡಿಸಿ ಹೇಳಿದಳು, ಪೆಟ್ಟಿಗೆ ಕೆಟ್ಟಿತ್ತು ಅಂದರೆ ಸರ್ ನಂಬುತ್ತಾರೆ, ಆದರೆ ಕೆಟ್ಟ ಪೆಟ್ಟಿಗೆ ಬರೆದದ್ದೆಲ್ಲ ಕೆಟ್ಟದ್ದೇ, ವರ್ಷದ ಅಳತೆ ನೀರಿಗೆ ಹೋಗಿ ಮತ್ತೆ ಮೊದಲಿನಿಂದ ಅಳೆಯಬೇಕು, ಈ ಸಲದ ಯಂತ್ರಗಳು ತಪ್ಪುತ್ತವೆ, ಕಾವಲು ಮಾತ್ರ ನಿಮಗೇ ಉಳಿಯುತ್ತದೆ, ಇನ್ನು ಕಟ್ಟಿದ್ದು ನೀವು, ಸೋಮವಾರದ ಹಗಲು ಮಾತ್ರ, ಬೇರೆ ದಿನ ಯಾರೂ ಮುಟ್ಟಿಲ್ಲ ಅಂದರೆ ಉಳಿದದ್ದೆಲ್ಲ ಶುದ್ಧ, ಆ ಹಗಲುಗಳನ್ನು ತೆಗೆದು ಲೆಕ್ಕ ಹಾಕಬಹುದು, ಅಷ್ಟೂ ಹೊತ್ತು ಗಾಳಿ ಇತ್ತು ಅನ್ನುವುದಕ್ಕೆ ನಿಮ್ಮ ಗೌಡ ಸಾಕ್ಷಿ, ಗುಡ್ಡ ಗೆಲ್ಲುತ್ತದೆ, ಆದರೆ ಕಂಪನಿಯ ಸಾಮಾನಿಗೆ ಕೈ ಹಾಕಿದವನನ್ನು ಕಾವಲಿಗೆ ಇಟ್ಟುಕೊಳ್ಳುತ್ತಾರೋ ಇಲ್ಲವೋ, ಜಂಬಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು, ಹುಲುಗಣ್ಣ ಎದ್ದು ಹೋಗಿ ಕಂಬದ ಬುಡದ ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ, ಇದರ ಮ್ಯಾಲೆ ಯಾಕ ಹಾಕ್ತೀರಿ ತಾಯಿ, ಇದೇನ್ ಮಾಡೈತಿ ಪಾಪ, ಬಾಯಿಲ್ಲದ್ದರ ಮ್ಯಾಲೆ ಹಾಕಬ್ಯಾಡ್ರಿ, ನನ್ನ ಹೆಸರ ಹೇಳ್ರಿ, ನನಗ ಬಾಯೈತಿ, — ಜಂಬಕ್ಕ ಬೇರೆ ಕಡೆ ಮುಖ ತಿರುಗಿಸಿ, ಬಾಯಿ ಒಂದ ಐತಿ ನಿನಗ, ಅಂದಳು, ಬೈದಳೋ ಏನೋ, ಸೆರಗಿನ ತುದಿ ಬಾಯಿಗೆ ಹೋಯಿತು, ಈಗ್ಲೇ ಬಿಚ್ರಿ ಕಾಕಾ, ಇವತ್ತಿಂದಾದ್ರೂ, ಎಂದು ಕೇಳಿಕೊಂಡಳು ನಾಗರತ್ನ, ಅವನು ಆಕಾಶ ನೋಡಿದ, ಇನ್ನ ಹೊತ್ತೈತ್ರಿ, ಅಂದ, ಅಷ್ಟೇ.

ಇಳಿಯುವಾಗ ಗಾಳಿ ಎದೆಗೆ ಬಡಿಯುತ್ತದೆ, ಹೇಳಬೇಕೋ, ಬೇಡವೋ, ಹೇಳು ಅಂದವನು ಅವನೇ, ಅಂದಮಾತ್ರಕ್ಕೆ ನೀನು ಹೇಳಿಬಿಡುವುದೇ, ಬೇರೆಯವನ ಅನ್ನದ ಮೇಲೆ ನಿನ್ನ ಸರಾಸರಿ, ಆದರೆ ಪೆಟ್ಟಿಗೆಯ ಮೇಲೆ ಹಾಕಿದರೆ ಗುಡ್ಡ ಸುಳ್ಳಾಗುತ್ತದೆ, ಅವಳು ವರ್ಷವಿಡೀ ಕೇಳಿದ ಉಸಿರು ಸುಳ್ಳಾಗುತ್ತದೆ, ಅವನು ಒರೆಸಿದ ಆ ಧೂಳು, ತಿರುಗಿ ನೋಡಿದರೆ ಇಷ್ಟು ದೂರಕ್ಕೂ ಕಾಣುತ್ತದೆ ಕೆಂಪು ಗಂಟು, ಕುಂಕುಮದ ಬೊಟ್ಟಿನಷ್ಟು, ಅಲ್ಲಿಂದಲೂ ನಡುಕ ಕಂಡಂತೆ ಭ್ರಮೆ, ಹಿರೇಹಡಗಲಿಯ ಎಸ್‌ಟಿಡಿ ಬೂತಿನಲ್ಲಿ ಬೆವರಿನ ವಾಸನೆ, ರಿಸೀವರಿಗೆ ಯಾರದೋ ಮಲ್ಲಿಗೆ ಎಣ್ಣೆ ಅಂಟಿದೆ, ಬಾಗಿಲ ಗಾಜಿನ ಹೊರಗೆ ಹೊತ್ತು ಇಳಿಯುತ್ತಿದೆ, ಮಿಂದ ಎತ್ತುಗಳು ಬರಿ ಹೆಗಲಲ್ಲಿ ಮನೆಗೆ ಬರುತ್ತಿವೆ, ಅತ್ತ ಕಡೆ ಸರ್ ಎತ್ತಿಕೊಂಡರು, ಏನಮ್ಮ, ಏನಂತೆ, ಪೆಟ್ಟಿಗೆ ತಾನೆ, — ಎಷ್ಟು ಸುಲಭ, ಹೂಂ ಅಂದರೆ ಮುಗಿಯಿತು, ಪೆಟ್ಟಿಗೆ ಎದ್ದು ಬಂದು ಅಲ್ಲ ಅನ್ನುವುದಿಲ್ಲ — ಪೆಟ್ಟಿಗೆ ಚೆನ್ನಾಗಿದೆ ಸರ್, ಎಂದಿತು ಅವಳ ಬಾಯಿ, ಗಾಳಿಯೂ ಚೆನ್ನಾಗಿದೆ, ಸೋಮವಾರ ನೊಗ ಇಡಬಾರದು ಅಂತ ಗಿರಗಟ್ಲೆ ಕಟ್ಟಿದ್ದರು, ಹಗಲು ಮಾತ್ರ, ಬೇರೆ ದಿನ ಮುಟ್ಟಿಲ್ಲ, ದಿಕ್ಕಿನ ತಗಡು ಸಾಕ್ಷಿ ಇದೆ ಸರ್, ಆ ಸಾಲುಗಳನ್ನು ಕಾರಣ ಬರೆದೇ ತೆಗೀತೀನಿ, ಒಂದೇ ಉಸಿರಿನಲ್ಲಿ, ಯಾರದು ಕಟ್ಟಿದ್ದು, ಕಾವಲಿನ ಹುಲುಗಣ್ಣ ಸರ್, ನನ್ನ ಹೆಸರೇ ಹೇಳಿ ಅಂತ ಅವರೇ ಅಂದರು, ಅವರನ್ನ ತೆಗೀಬೇಡಿ ಸರ್, ಕಟ್ಟಿದ್ದು ಯಾವ ಹೊತ್ತಿಗೆ ಬಿಚ್ಚಿದ್ದು ಯಾವ ಹೊತ್ತಿಗೆ ಅಂತ ಬಲ್ಲವರು ಅವರೊಬ್ಬರೇ, ಅತ್ತ ದಲಾಲಿ ಅಂಗಡಿಯ ತಕ್ಕಡಿಯ ಸರಪಳಿ ಸದ್ದು, ಆಮೇಲೆ ಪೆನ್ನಿನ ಮುಚ್ಚಳ ತೆಗೆದ ಸದ್ದು, ಇನ್ನೊಂದ್ಸಲ ಹೇಳು ಹೆಸರು, ಹುಲುಗಣ್ಣ, ಬರೆಯುತ್ತಿದ್ದಾರೆ, ಯಾವುದಕ್ಕೆ ಬರೆಯುತ್ತಿದ್ದಾರೆ, ಕಾವಲಿಗೆ ಇಡಲಿಕ್ಕೋ, ತೆಗೆಯಲಿಕ್ಕೋ, ಗಾಜಿನ ಹೊರಗೆ ಯಾರದೋ ಮನೆಯಲ್ಲಿ ದೀಪ ಹತ್ತಿತು, ಈ ಹೊತ್ತಿಗೆ ಅವನು ಕಂಬ ಹತ್ತಿರುತ್ತಾನೆ, ತುದಿಗೆ ಮುಟ್ಟಿರುತ್ತಾನೆ, ಒಂದು ಕೈ ಕಬ್ಬಿಣಕ್ಕೆ, ಒಂದು ಕೈ ಗಂಟಿಗೆ, ಕೆಂಪು ಗಂಟು, ಬೆರಳ ಕೆಳಗೆ ನಡುಗುವ ಕೆಂಪು ಗಂಟು, ಹಲೋ ಸರ್, ಗಂಟು, ಅರ್ಧ ಬಿಚ್ಚಿದ ಗಂಟು —