ದಿನಕ್ಕೊಂದು ಫೋಟೋ

ಟಾನ್ಸಿಲ್ ಆಪರೇಷನ್‌ಗೆ ಹೊರಟ ಮೊಮ್ಮಗಳು ತನ್ನ ಫೋನನ್ನು ನನ್ನ ಕೈಗಿಟ್ಟಾಗ ನಡುಗುತ್ತಿದ್ದಳು. ಆಪರೇಷನ್ನಿನ ಭಯಕ್ಕಲ್ಲ. ಆಸ್ಪತ್ರೆಗೆ ಫೋನ್ ತರಕೂಡದೆಂದು ನನ್ನ ಮಗನ ಕಟ್ಟಪ್ಪಣೆಯಾಗಿತ್ತು.

"ಅಜ್ಜಿ, ಗುಬ್ಬಿಗೆ ದಿನಾ ಒಂದು ಫೋಟೋ ಕಳಿಸು. ಏನಾದ್ರೂ ಸರಿ. ಎಷ್ಟು ದಿನ ಬಿಡದೆ ಕಳಿಸಿದ್ವಿ ಅಂತ ಫೋನೇ ಲೆಕ್ಕ ಇಡತ್ತೆ. ಇಬ್ಬರಲ್ಲಿ ಯಾರು ಒಂದು ದಿನ ತಪ್ಪಿದ್ರೂ ಲೆಕ್ಕ ಸೊನ್ನೆ ಆಗತ್ತೆ. ಆಮೇಲೆ ಅವಳು ನನ್ನನ್ನ ಬಿಟ್ಬಿಡ್ತಾಳೆ."

ಗುಬ್ಬಿ ಪಕ್ಕದ ಬೀದಿಯ ಗೆಳತಿ. ಒಂದು ಕಾಲಕ್ಕೆ ನಮ್ಮ ಅಡುಗೆಮನೆಯಲ್ಲೇ ಬೀಡುಬಿಟ್ಟಿದ್ದವಳು. ಕೈಗೆ ಫೋನ್ ಬಂದ ಮೇಲೆ ಕಾಲು ಇತ್ತ ಬರುವುದನ್ನು ಮರೆಯಿತು. ವರ್ಷದಿಂದ ಇಬ್ಬರೂ ಒಬ್ಬರಿಗೊಬ್ಬರು ಫ್ಯಾನು, ಚಪ್ಪಲಿ, ಕಿಟಕಿಯ ಫೋಟೋ ಕಳಿಸುತ್ತಿದ್ದಾರೆ. ಕೆಳಗೆ ಒಂದಕ್ಷರವೂ ಇರುವುದಿಲ್ಲ.

ನಾನು ಒಲೆಯ ಫೋಟೋ ಕಳಿಸಿದೆ. ಅತ್ತಲಿಂದ ಬಕೆಟ್ ಬಂತು. ಮರುದಿನ ಕೈತಪ್ಪಿ ನನ್ನ ಹೆಬ್ಬೆರಳಿನ ಫೋಟೋ ಹೋಯಿತು, ಅತ್ತಲಿಂದ ಬರೀ ಕತ್ತಲೆ ಬಂತು. ನನಗೆ ಪಿತ್ತ ನೆತ್ತಿಗೇರಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆ ನರೆಯುವವರೆಗೆ ದುಡಿದವಳು ನಾನು. ಎರಡೂ ಕಡೆ ಜನರಿದ್ದು ಮಾತು ಕೇಳಿಸದಿದ್ದರೆ ನಾವು ಮಧ್ಯೆ ಬಾಯಿ ಹಾಕುತ್ತಿದ್ದೆವು. ಫೋನ್ ಮಾಡಿಯೇಬಿಟ್ಟೆ.

"ಏನೇ ಗುಬ್ಬಿ, ಊಟ ಆಯ್ತಾ? ಕತ್ತಲಲ್ಲಿ ಯಾಕೆ ಕೂತಿದೀಯ?"

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಕಾರಣ ಕೇಳಲು ನನಗೆ ಮನಸ್ಸಾಗಲಿಲ್ಲ. ಅಳು ಮುಗಿಯುವವರೆಗೆ ಫೋನನ್ನು ಕಿವಿಗಿಟ್ಟುಕೊಂಡೇ ಕೂತಿದ್ದೆ. ಕೊನೆಗೆ, "ನಮ್ಮಮ್ಮಂಗೆ ಹೇಳ್ಬೇಡಿ ಅಜ್ಜಿ" ಅಂದಳು.

ಮರುದಿನ ನಾನು ದಿಂಬಿನ ಫೋಟೋ ಕಳಿಸಿ ಕಾದಿದ್ದೇ ಬಂತು. ಅವಳ ಕಡೆಯಿಂದ ಏನೂ ಬರಲಿಲ್ಲ. ಲೆಕ್ಕ ಸೊನ್ನೆಯಾಯಿತು.

ಮನೆಗೆ ಬಂದ ಮೊಮ್ಮಗಳು ಮೊದಲು ಫೋನ್ ಕಿತ್ತುಕೊಂಡಳು. ಮಾತಾಡಕೂಡದೆಂದು ಡಾಕ್ಟರು ಹೇಳಿದ್ದರು. ಅವಳು ನನ್ನನ್ನು ನೋಡಿದ ನೋಟವೇ ಸಾಕಿತ್ತು. ಕಣ್ಣಿಂದ ನೀರು ಧಾರಾಕಾರ. ಇಲ್ಲದ ಉಸಾಬರಿಗೆ ಹೋಗಿ ಮಗುವಿನ ಗೆಳೆತನ ಮುರಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಸಂಜೆ ಬಾಗಿಲು ತೆರೆದರೆ ಗುಬ್ಬಿ ನಿಂತಿದ್ದಳು, ನನಗಿಂತ ಎತ್ತರವಾಗಿ. ಚಪ್ಪಲಿ ಬಿಟ್ಟು ನೇರ ಹಾಸಿಗೆಯ ಬಳಿ ಹೋದಳು.

"ಅಜ್ಜಿದೇನೂ ತಪ್ಪಿಲ್ಲ ಕಣೇ. ನಾನೇ ಬೇಕು ಅಂತ ಕಳಿಸ್ಲಿಲ್ಲ. ಫೋಟೋ ನಿಂತ್ರೆ ನೀನು ನನ್ನನ್ನ ಬಿಟ್ಬಿಡ್ತೀಯ ಅಂತ ದಿನಾ ಭಯ ಆಗೋದು. ಸಾಕಾಗಿಹೋಗಿತ್ತು ಕಣೇ. ಬಿಡ್ತೀಯಾ?"

ಮೊಮ್ಮಗಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ನೋವಿಗೆ ಮುಖ ಕಿವುಚಿಕೊಂಡೇ ಪಕ್ಕಕ್ಕೆ ಸರಿದು, ಹೊದಿಕೆ ಎತ್ತಿ ಅವಳಿಗೆ ಜಾಗ ಮಾಡಿಕೊಟ್ಟಳು.