ಎರಡನೇ ಬಾಡಿ

ಮಧುಶ್ರೀ ಅಂಗೈಯನ್ನು ಲೆನ್ಸಿಗೇ ಒತ್ತಿ ಹಿಡಿದಳು.

"ಕೆಳಗಿಳಿಸಿ ಸರ್. ನಮ್ಮಪ್ಪ ಏನು ಹೆಬ್ಬಾಳ ಕೆರೆ ಹಕ್ಕೀನಾ?"

ಚನ್ನಕೇಶವ ತಬ್ಬಿಬ್ಬಾದ. ಸಹಕಾರನಗರದ ಹಲ್ಲಿನ ಡಾಕ್ಟರು. ಭಾನುವಾರ ಬಂದರೆ ಕ್ಯಾಮೆರಾ ಹಿಡಿದು ಕೆರೆ ಸುತ್ತುವವನು. "ನೆನಪಿಗಿರ್ಲಿ ಅಂತ ಕಣಮ್ಮ. ಬೈರಣ್ಣ ನನಗೆ ಗುರು ಇದ್ದ ಹಾಗೆ," ಎಂದ. ಸ್ವಲ್ಪ ತಡೆದು, "ಲೈಟೂ ಚೆನ್ನಾಗಿತ್ತು," ಎಂದ.

ಬೆಂಗಳೂರಿನ ಅಂಚಿನ ಸಿಂಗಾಪುರ ಹಳ್ಳಿಯ ಆ ಓಣಿಯಲ್ಲಿ, ಶಾಮಿಯಾನದ ಕೆಳಗೆ ಬೈರಣ್ಣನ ಹೆಣವಿತ್ತು. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಫೋಟೋ ತೆಗೆದವನು.

*

ಬೈರಣ್ಣ ಕ್ಯಾಮೆರಾ ಕೊಳ್ಳುತ್ತಿದ್ದುದು ಎತ್ತು ಕೊಂಡ ಹಾಗೆ. ಹಳೆಯದು ಇನ್ನು ದುಡಿಯದು ಎಂದಾದಾಗ ಮಾತ್ರ. ಅಪರೂಪಕ್ಕೆ ಬೇಕಾಗುವ ಲೆನ್ಸನ್ನು ಬಾಡಿಗೆಗೆ ತರುತ್ತಿದ್ದ. ಚನ್ನಕೇಶವನಿಗೆ ಹೊಸ ಮಾಡೆಲ್ ಬಂದರೆ ಸಾಕು, ಕೈಲಿದ್ದದ್ದು ಹಳತಾಗಿಬಿಡುತ್ತಿತ್ತು. ಕೊಂಡದ್ದನ್ನು ಎಲ್ಲಾದರೂ ಬಳಸಬೇಕಲ್ಲ; ಬಡಾವಣೆಯವರ ಮದುವೆಗಳಿಗೆ ಪುಕ್ಕಟೆ ಹೋಗತೊಡಗಿದ. "ನಂದು ಬರೀ ಹವ್ಯಾಸ, ದುಡ್ಡು ಬೇಡ."

ಬೈರಣ್ಣನ ಫೋನು ಸುಮ್ಮನಾಯಿತು. ಬಂದ ಒಬ್ಬಿಬ್ಬರೂ, "ಯಾವ ಕ್ಯಾಮೆರಾ ತರ್ತೀರಾ? ಡಾಕ್ಟ್ರ ಹತ್ರ ಇರೋದೇನಾ?" ಎಂದು ಕೇಳಿದರು.

ಕೊನೆಗೆ ಅವನು ಸ್ಕೂಟರ್ ಮಾರಿ ಹೊಸ ಕ್ಯಾಮೆರಾ ತಂದ.

"ಇದ್ರಲ್ಲಿ ಫೋಟೋ ಚೆನ್ನಾಗ್ ಬರ್ತದಾ?" ಹೆಂಡತಿ ಸೊಣ್ಣಮ್ಮ ಕೇಳಿದಳು.

"ಅದ್ರಲ್ಲೂ ಚೆನ್ನಾಗೇ ಬರ್ತಿತ್ತು ಕಣೇ. ಇದು ನೋಡೋರಿಗೆ."

ಅಂದಿನಿಂದ ಸಾಮಾನೆಲ್ಲ ಹೆಗಲ ಮೇಲೆ, ಬಸ್ಸಿನಲ್ಲಿ. ನಿನ್ನೆ ವಿದ್ಯಾರಣ್ಯಪುರದ ಸ್ಟಾಪಿನಲ್ಲಿ ಬಸ್ ಹಿಡಿಯಲು ಓಡಿದವನು ಅಲ್ಲೇ ಕುಸಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು.

*

ಚನ್ನಕೇಶವ ಸೊಣ್ಣಮ್ಮನ ಪಕ್ಕ ಕುಕ್ಕರಿಸಿ ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡಿ ಅಮ್ಮ. ಆ ಬಾಡಿ ಇನ್ನು ಮನೇಲಿದ್ದು ಏನಾಗ್ಬೇಕು? ನಾನೇ ತಗೋತೀನಿ. ಒಳ್ಳೇ ರೇಟ್ ಕೊಡ್ತೀನಿ."

ಸೊಣ್ಣಮ್ಮ ಗಾಬರಿಯಿಂದ ಗಂಡನ ಕಡೆ ನೋಡಿದಳು. "ಬಾಡೀನಾ? ಇನ್ನೂ ಮಣ್ಣೇ ಮಾಡಿಲ್ವಲ್ಲಪ್ಪ!"

"ಅಯ್ಯೋ, ಕ್ಯಾಮೆರಾ ಬಾಡಿ ಅಮ್ಮ. ನನಗೊಂದು ಎರಡನೇ ಬಾಡಿ ಬೇಕಿತ್ತು."

ಮಧುಶ್ರೀ ಎದ್ದು ನಿಂತಳು.

"ಬೇಕಿತ್ತಾ? ನಿಮಗೆ ಯಾವತ್ತು ಏನ್ ಬೇಕಿತ್ತು ಸರ್? ನಿಮಗದು ಆಟದ ಸಾಮಾನು, ನಮಗೆ ಅನ್ನ. ಊರಿಗೆಲ್ಲ ಫ್ರೀಯಾಗಿ ಹಂಚಿದ್ರಲ್ಲ, ಅದು ನಿಮ್ಮದಾಗಿರ್ಲಿಲ್ಲ, ನಮ್ಮಪ್ಪಂದು! ಕ್ಯಾಮೆರಾ ಮಾರಲ್ಲ. ಅಪ್ಪ ಒಪ್ಕೊಂಡಿದ್ದ ಯಲಹಂಕದ ಮದುವೆಗೆ ಅದನ್ನ ಹಿಡ್ಕೊಂಡು ನಾನೇ ಹೋಗ್ತೀನಿ. ಎದ್ದೋಗಿ ಇಲ್ಲಿಂದ."

ಚನ್ನಕೇಶವ ಸುತ್ತ ನೋಡಿದ. ಬೈರಣ್ಣನ ತಮ್ಮ ಮುನಿಆಂಜಿನಪ್ಪ, ಡಾಕ್ಟರ ಚಪ್ಪಲಿಯನ್ನು ಕಾಲಿನಿಂದಲೇ ರಸ್ತೆಯತ್ತ ತಳ್ಳಿದ.

"ಒತ್ತಾಯ್ತು. ನೀರ್ ಆಕ್ಬೇಕು," ಎಂದ.

ಹಿತ್ತಲಲ್ಲಿ ಹಲಗೆಯ ಮೇಲೆ ಕೂರಿಸಿ ಬೈರಣ್ಣನ ಅಂಗಿ ಕಳಚಿದರು. ಮಧುಶ್ರೀ ಚೊಂಬು ಎತ್ತಿ ನೀರು ಹೊಯ್ದಳು. ಬಲ ಹೆಗಲಲ್ಲಿ, ಬ್ಯಾಗಿನ ಪಟ್ಟಿ ಒತ್ತಿ ಒತ್ತಿ ಕಪ್ಪಗಾದ ತಗ್ಗೊಂದಿತ್ತು. ನೀರು ಅದರಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಬೆನ್ನಿಗಿಳಿಯಿತು.